ಗೆಳೆಯನಿಗೆ ಸುವಾರ್ತೆ ಹೇಳದೆ ಬಿಟ್ಟರೆ ಅವನ ರಕ್ತ ನನ್ನ ತಲೆಯ ಮೇಲೆ ಬರುತ್ತದೆಯೇ?

ಬೈಬಲಿನ ಯೆಹೆಜ್ಕೇಲ 33ನೇ ಅಧ್ಯಾಯ ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ, ಗೆಳೆಯನಿಗೆ ಕರಪತ್ರ ಕೊಡಲೋ ವಿಡಿಯೊ ಕಳಿಸಲೋ ಅಂತ ಬರೆದಿದ್ದೀರಿ. ಆ ರಾತ್ರಿಗಳು ನನಗೆ ಚೆನ್ನಾಗಿ ಗೊತ್ತು. ಕಾವಲುಗಾರ ಕೊಂಬು ಊದದೆ ಸುಮ್ಮನಿದ್ದರೆ ಸತ್ತವರ ರಕ್ತಕ್ಕೆ ಅವನೇ ಹೊಣೆ ಅನ್ನುವ ಮಾತು 22ನೇ ವಯಸ್ಸಿನಲ್ಲಿ ನನ್ನ ಎದೆಗೆ ನಾಟಿತ್ತು. ಮಾರನೇ ದಿನವೇ ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಹೆಸರು, ನಡುವೆ ತಾರೀಖು, ಬಲಕ್ಕೆ ಷರಾ. ವಾರಕ್ಕೆ 5 ಜನರಿಗಾದರೂ ಸುವಾರ್ತೆ, ಅಂದರೆ ಯೇಸುವಿನ ಶುಭಸುದ್ದಿ, ಹೇಳಲೇಬೇಕು ಅಂತ ನನಗೆ ನಾನೇ ಹಾಕಿಕೊಂಡ ಲೆಕ್ಕ.

ನನ್ನ ರೂಮ್‌ಮೇಟ್ ಹೆಸರು ಮೊದಲ ಪುಟದಲ್ಲೇ ಇತ್ತು. ಮೂರು ಸಲ ಹೇಳಿದ್ದೆ. ನಗುತ್ತಾ ಕೇಳಿಸಿಕೊಂಡು, "ಆಯ್ತು ಮಾರಾಯ, ಮಲಗೋಣ" ಅನ್ನುತ್ತಿದ್ದ. ಅಷ್ಟರಲ್ಲಿ ಅವನ ತಾಯಿ ತೀರಿಕೊಂಡರು. ಹೋದೆ, ಪಕ್ಕದಲ್ಲಿ ಕೂತೆ, ಅವನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ನಾನೂ ಅತ್ತೆ. ಪುನರುತ್ಥಾನದ ಬಗ್ಗೆ, ಅಂದರೆ ಸತ್ತವರು ಮತ್ತೆ ಎದ್ದು ಬರುವ ಬಗ್ಗೆ, ನಾಲ್ಕು ಮಾತು ಹೇಳಿದೆ. ವಾಪಸು ಬಂದು ನೋಟ್‌ಬುಕ್ಕಿನಲ್ಲಿ ಬರೆದೆ: "ತಾಯಿ ತೀರಿಕೊಂಡಿದ್ದಾರೆ. ಮನಸ್ಸು ಮೆತ್ತಗಾಗಿದೆ. ಒಳ್ಳೇ ಅವಕಾಶ."

ಎರಡು ವಾರದ ಮೇಲೆ ಪೆನ್ನು ಹುಡುಕಲು ನನ್ನ ಮೇಜಿನ ಹತ್ತಿರ ಹೋದವನ ಕಣ್ಣಿಗೆ ಅದು ಬಿತ್ತು.

ನಾನು ಮಾಡಿದ ತಪ್ಪು ಯಾವುದು ಅನ್ನುವುದೇ ಎಷ್ಟೋ ವರ್ಷ ನನಗೆ ಗೊತ್ತಾಗಲಿಲ್ಲ. ಮೊದಲು, ಪುಸ್ತಕ ಮೇಜಿನ ಮೇಲೆ ಬಿಟ್ಟಿದ್ದೇ ತಪ್ಪು ಅಂದುಕೊಂಡೆ (ಎಂಥ ದಡ್ಡತನ!). ಆಮೇಲೆ, ಸಾವಿನ ಮನೆಯಲ್ಲಿ ಅಂಥ ಮಾತು ಆಡಬಾರದಿತ್ತು ಅಂದುಕೊಂಡೆ. ಅದೂ ಅಲ್ಲ. ಗೆಳೆಯ ಲಾಜರ ಸತ್ತಾಗ ಯೇಸು ಅವನ ಸೋದರಿ ಮಾರ್ಥಳ ಹತ್ತಿರ ಆಡಿದ್ದೂ ಪುನರುತ್ಥಾನದ ಮಾತೇ. ಆದರೆ ಆತನು ಸುರಿಸಿದ ಕಣ್ಣೀರು ಯಾವ ಲೆಕ್ಕಕ್ಕೂ ಜಮೆಯಾಗಲಿಲ್ಲ. ನನ್ನದು ಆಯಿತು. ಅಳುವಾಗ ನಿಜವಾಗಿಯೇ ಅತ್ತಿದ್ದೆ, ದೇವರಾಣೆ. ಆ ಮೂರು ಸಾಲು ಬರೆದ ಮೇಲೆ ಅದು ನಿಜವಾಗಿ ಉಳಿಯಲಿಲ್ಲ. "ನೀನು ಅವತ್ತು ಅತ್ತಿದ್ದು ನಮ್ಮಮ್ಮನಿಗಾ, ಇದಕ್ಕಾ?" ಅಂತ ಕೇಳಿದ. ಉತ್ತರ ಹೇಳಲಾಗಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ನನಗೇ ಗೊತ್ತಿರಲಿಲ್ಲ.

ಹಾಗಾಗಿ ಕರಪತ್ರ ಕೊಡಲೋ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಲೋ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಮುಟ್ಟುವುದೇ ಇಲ್ಲ. ನೀವು ಹಿಡಿದಿರುವ ತುದಿಯೇ ತಪ್ಪು. ಕಾವಲುಗಾರ ಕೊಂಬು ಊದುತ್ತಾನೆ, ಮನೆಮನೆಯ ಬಾಗಿಲು ಒಡೆಯುವುದಿಲ್ಲ. ಕೇಳಿಯೂ ಎಚ್ಚರವಾಗದವನ ಹೊಣೆ ಅವನದೇ ಅಂತ ಅದೇ ಅಧ್ಯಾಯದಲ್ಲಿದೆ. ಅರ್ಧ ಓದಿ ನಡುಗುವವರು ನಾವು.

ಹೇಳುವುದು ಕರ್ತವ್ಯವೇ, ಅದರಲ್ಲಿ ನನಗೆ ತಕರಾರಿಲ್ಲ. ಸಾರದಿದ್ದರೆ ನನ್ನ ಗತಿಯೇನು ಅಂತ ಊರೂರು ಸುವಾರ್ತೆ ಸಾರಿದ ಪೌಲ, ಕೊರಿಂಥದವರಿಗೆ ಬರೆದ ಪತ್ರದಲ್ಲಿ (1 ಕೊರಿಂಥ 9:16) ಹೇಳುತ್ತಾನೆ. ಎರಡು ವಚನ ಮುಂದಕ್ಕೆ ಹೋಗಿ ನೋಡಿ, ಉಚಿತವಾಗಿ ಸಾರುವುದೇ ನನಗೆ ಸಿಗುವ ಸಂಬಳ ಅನ್ನುತ್ತಾನೆ. ಕೊರಿಂಥದಲ್ಲಿ ಗುಡಾರ ಮಾಡಿ ಹೊಟ್ಟೆ ಹೊರೆದ ಮನುಷ್ಯ. ನಾನೂ ಯಾರ ಹತ್ತಿರವೂ ದುಡ್ಡು ಕೇಳಿದವನಲ್ಲ. ಆದರೆ ಪ್ರತಿ ಸಲವೂ ನನ್ನ ರೂಮ್‌ಮೇಟ್‌ನಿಂದ ಒಂದು "ಹೂಂ" ವಸೂಲಿ ಮಾಡಲು ನಿಂತಿರುತ್ತಿದ್ದೆ. ಅದು ಉಚಿತ ಹೇಗಾಯಿತು?

ಬೈಬಲಿನಲ್ಲೇ ಬರುವ ಸುವಾರ್ತೆಗಾರ ಫಿಲಿಪ್ಪನನ್ನು ನೋಡಿ. ಐಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಧರ್ಮಗ್ರಂಥ ಓದುತ್ತಿದ್ದ. ರಥದ ಪಕ್ಕ ಓಡಿಹೋದವನು ಮೊದಲು ಕೇಳಿದ್ದು ಒಂದು ಪ್ರಶ್ನೆ: ಓದುತ್ತಿರುವುದು ಅರ್ಥವಾಗುತ್ತಿದೆಯಾ? ಐಥಿಯೋಪ್ಯದವನೇ ಹತ್ತಿ ಕೂತುಕೋ ಅಂದ ಮೇಲೆ ಹತ್ತಿದ. ನಿಮ್ಮ ಗೆಳೆಯ ಏನು ಓದುತ್ತಿದ್ದಾನೆ, ಯಾವುದಕ್ಕೆ ಹೆದರುತ್ತಾನೆ, ನಿಮಗೆ ಗೊತ್ತೇ? ನಿಮ್ಮ ಪ್ರಶ್ನೆಯ ತುಂಬ ನಿಮ್ಮ ಭಯವೇ ಇದೆ, ಅವನ ಬಗ್ಗೆ ಒಂದು ಸಾಲಿಲ್ಲ.

ನನ್ನವನು ಎರಡು ವರ್ಷ ಮಾತು ಬಿಟ್ಟಿದ್ದ. ಈಗ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾನೆ. ಅವನು ಕೇಳಿದರೆ ಇವತ್ತೂ ಹೇಳುತ್ತೇನೆ, ಕೇಳಿಲ್ಲ. ಹೋದ ತಿಂಗಳು, ಆ ನೋಟ್‌ಬುಕ್ ಏನು ಮಾಡಿದೆ ಅಂದ. ನಿನ್ನ ಪುಟ ಅವತ್ತೇ ಹರಿದು ಹಾಕಿದೆ ಅಂದೆ.

"ಮಿಕ್ಕವರದು?" ಅಂದ.