ಅರ್ಧಕ್ಕೆ ಕೊಡ್ತೀರಾ?

ಓದುಗರ ಪತ್ರ: ಎರಡು ವರ್ಷದಿಂದ ಒಂದೇ ಬೋರ್ಡ್ ಗೇಮ್ ಅಂಗಡಿಗೆ ಹೋಗ್ತಾ ಇದ್ದೀನಿ. ವಾರಕ್ಕೊಮ್ಮೆ ಅಲ್ಲೇ ಮೇಜು ಹಿಡಿದು ಆಡ್ತೀವಿ. ಕಳೆದ ವಾರ ಗೆಳೆಯನ ಜೊತೆ ಹೊಸದೊಂದು ದೊಡ್ಡ ಆಟ ಕೊಳ್ಳೋಕೆ ಹೋಗಿದ್ದೆ. ಅವನು ಎಲ್ಲರ ಮುಂದೆ "ಅರ್ಧಕ್ಕೆ ಕೊಡ್ತೀರಾ?" ಅಂದುಬಿಟ್ಟ. ಅಂಗಡಿಯವರ ಮುಖ ಸಪ್ಪಗಾಯ್ತು. "ಇಲ್ಲಿ ಚೌಕಾಸಿ ಇಲ್ಲಪ್ಪ" ಅಂದ್ರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಇಂಥ ಅಂಗಡಿಯಲ್ಲಿ ಬೆಲೆ ಇಳಿಸಿ ಅಂತ ಕೇಳೋದೇ ತಪ್ಪಾ? ತಪ್ಪಲ್ಲ ಅಂದ್ರೆ ಹೇಗೆ ಕೇಳಬೇಕು? ನನ್ನ ಹತ್ರ ಒಂದು ಡಬ್ಬಿ ತುಂಬ "ಮ್ಯಾಜಿಕ್: ದ ಗ್ಯಾದರಿಂಗ್" ಅನ್ನೋ ಕಾರ್ಡ್ ಆಟದ ಹಳೇ ಕಾರ್ಡುಗಳೂ ಇವೆ, ಮಾರಬೇಕು. ಆದರೆ ಮತ್ತೆ ಅಲ್ಲಿಗೆ ಹೋಗೋಕೆ ಮುಜುಗರ ಆಗ್ತಿದೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನಗು ಬಂತು. ತಪ್ಪು ತಿಳಿಯಬೇಡಿ, ನನ್ನದೇ ಹಳೇ ಕಥೆ ನೆನಪಾಯಿತು. ಇಂಥದ್ದೇ ಒಂದು ಅಂಗಡಿಯಲ್ಲಿ ನನ್ನ ಗೆಳೆಯ ಬೆಲೆಗೆ ಜಗ್ಗಾಡುತ್ತಿದ್ದಾಗ, ಅವನು ಯಾರೋ ನಾನು ಯಾರೋ ಎನ್ನುವ ಹಾಗೆ ನಿಂತು, ಗೋಡೆ ಮೇಲಿನ ಪೋಸ್ಟರನ್ನು ಮೂರು ಸಲ ಓದಿದವನು ನಾನು.

ನೇರವಾಗಿ ಹೇಳ್ತೀನಿ. ಕೇಳೋದು ತಪ್ಪಲ್ಲ. ಆದರೆ ನಿಮ್ಮ ಗೆಳೆಯ ಒಂದೇ ಮಾತಿನಲ್ಲಿ ಮೂರು ಎಡವಟ್ಟು ಮಾಡಿದ್ದಾರೆ. ಸೀಲ್ ಒಡೆಯದ ಹೊಸ ಆಟಕ್ಕೆ ಕೇಳಿದರು, ಅರ್ಧಕ್ಕೆ ಕೇಳಿದರು, ಎಲ್ಲರೆದುರು ಕೇಳಿದರು.

ಅರ್ಧ ಅಂದಾಗ ಅಂಗಡಿಯವರಿಗೆ ಯಾಕೆ ಚುಚ್ಚಿತು ಅಂತ ನೋಡಿ. ಆಟ ಮಾಡುವ ಕಂಪನಿಯಿಂದ ವಿತರಕರಿಗೆ, ವಿತರಕರಿಂದ ಅಂಗಡಿಗೆ ಮಾಲು ಬರುತ್ತದೆ. ಡಬ್ಬದ ಮೇಲಿನ ಬೆಲೆಯಲ್ಲಿ ಸುಮಾರು ಅರ್ಧದಷ್ಟು, ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ, ಅವರು ಮೊದಲೇ ಕೊಟ್ಟಿರುತ್ತಾರೆ. ಅರ್ಧಕ್ಕೆ ಕೇಳಿದರೆ ಅಸಲಿಗೇ ಕೇಳಿದ ಹಾಗೆ. ಸಾಗಾಣಿಕೆ, ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲ ಉಳಿದ ಅರ್ಧದಲ್ಲೇ ಆಗಬೇಕು. ನೀವು ವಾರವಾರ ಆಡುವ ಮೇಜು ಕೂಡ ಆ ಲೆಕ್ಕದಲ್ಲೇ ಇದೆ. ನಾಲ್ಕು ಜನ ನಾಲ್ಕು ಗಂಟೆ ಕೂರುವ ಜಾಗದಲ್ಲಿ ಇನ್ನೆರಡು ಕಪಾಟು ಇಡಬಹುದಿತ್ತು, ಅಲ್ವಾ? ಮಾದರಿಗೆ ಅಂತ ಸೀಲ್ ಒಡೆದಿಟ್ಟ ಆಟಗಳೂ ಅವರ ದುಡ್ಡೇ.

ಇನ್ನು ಎಲ್ಲರೆದುರು ಕೇಳಿದ್ದು. ನನಗೆ ಇದೇ ದೊಡ್ಡ ತಪ್ಪು ಅನಿಸುತ್ತದೆ. ಅಂಗಡಿಯವರಿಗೆ ನಿಮ್ಮ ಮೇಲೆ ಪ್ರೀತಿ ಇದ್ದು, ಒಂದಿಷ್ಟು ಬಿಡೋಣ ಅನ್ನಿಸಿದರೂ, ಹಿಂದೆ ಆರು ಜನ ಕಿವಿ ನಿಮಿರಿಸಿ ನಿಂತಿರುವಾಗ ಬಿಡೋಕಾಗಲ್ಲ. ನಿಮಗೆ ಬಿಟ್ಟರೆ ಆರೂ ಜನಕ್ಕೆ ಬಿಡಬೇಕು. "ಇಲ್ಲಿ ಚೌಕಾಸಿ ಇಲ್ಲಪ್ಪ" ಅಂತ ಅವರು ಹೇಳಿದ್ದು ನಿಮ್ಮ ಗೆಳೆಯನಿಗಿಂತ ಆ ಆರು ಜನಕ್ಕೇ ಇರಬೇಕು. ಅದನ್ನು ಅವಮಾನ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹಾಗಾದರೆ ಯಾವುದಕ್ಕೆ ಕೇಳಬಹುದು? ಹೊಸದಾಗಿ ಬಂದ ಆಟವನ್ನು ಬಿಟ್ಟುಬಿಡಿ. ಅದು ಇವತ್ತಲ್ಲ ನಾಳೆ ಪೂರ್ತಿ ಬೆಲೆಗೇ ಹೋಗುತ್ತದೆ. ಕೇಳೋಕೆ ಜಾಗ ಇರುವುದು ಹಳತಾದದ್ದು, ಪೆಟ್ಟು ತಿಂದದ್ದು, ಒಬ್ಬರ ಕೈ ದಾಟಿ ಬಂದದ್ದು, ಕಪಾಟಿನ ಕೆಳಗಿನ ಅರೆಯಲ್ಲಿ ಧೂಳು ಹಿಡಿದು ಕೂತದ್ದು, ಇವುಗಳಲ್ಲಿ. ಮಾಲು ಕೂತರೆ ದುಡ್ಡೂ ಕೂತ ಹಾಗೆ. ಅದು ಎದ್ದು ಹೋಗಲಿ ಅಂತ ಅಂಗಡಿಯವರೂ ಕಾಯುತ್ತಿರುತ್ತಾರೆ.

ವಾರ್‌ಹ್ಯಾಮರ್ 40,000 ಅನ್ನುವ ಗೊಂಬೆ ಸೈನ್ಯಗಳ ಯುದ್ಧದಾಟ ಆಡುವವರನ್ನು ಕೇಳಿ ನೋಡಿ. ಒಂಬತ್ತನೇ ಆವೃತ್ತಿ 2020ರಲ್ಲಿ ಬಂತು, ಹತ್ತನೆಯದು 2023ರಲ್ಲಿ. ಹೊಸದು ಬಂದ ದಿನ ಸೈನ್ಯಗಳ ಹಳೇ ನಿಯಮ ಪುಸ್ತಕಗಳು ಆಟಕ್ಕೆ ಬಾರದವಾದವು. ಗೊಂಬೆಗಳಿಗೆ ಅಷ್ಟು ತೊಂದರೆ ಇಲ್ಲ, ಹೆಚ್ಚಿನವು ಹೊಸ ಆವೃತ್ತಿಗೂ ನಡೆಯುತ್ತವೆ. ಪುಸ್ತಕ ಮಾತ್ರ ರದ್ದಿಯ ಹತ್ತಿರ ಹೋಗಿಬಿಡುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರ ವಹಿಸಿ ಆಡುವ ಆಟದ ಕಥೆ ಅಷ್ಟು ಕಟುವಲ್ಲ. ಅದರ ನಿಯಮ ಪುಸ್ತಕವಾದ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನ ಜಾಗಕ್ಕೆ 2024ರಲ್ಲಿ ತಿದ್ದಿದ ಪುಸ್ತಕ ಬಂದರೂ ಹಳೆಯದನ್ನೇ ಇಟ್ಟುಕೊಂಡು ಆಡುವ ಗುಂಪುಗಳು ಬೇಕಾದಷ್ಟಿವೆ. ನಿಮ್ಮದು ಅಂಥ ಗುಂಪಾದರೆ, "ಹಳೇ ಪುಸ್ತಕ ಉಳಿದಿದ್ಯಾ? ಏನಾದ್ರೂ ಕಮ್ಮಿ ಆಗುತ್ತಾ?" ಅಂತ ಕೇಳೋದರಲ್ಲಿ ಸಂಕೋಚವೇ ಬೇಡ. ಕೇಳಿದ್ದಕ್ಕೆ ಅವರಿಗೂ ಖುಷಿಯಾಗಬಹುದು.

ಡಬ್ಬದ ಮೂಲೆ ನಜ್ಜಿದ್ದರೆ ಅದನ್ನೂ ಹೇಳಬಹುದು. ಆದರೆ ಡಬ್ಬವನ್ನು ಹಿಂದೆ ಮುಂದೆ ತಿರುಗಿಸಿ ಗೀರು ಹುಡುಕುತ್ತಾ ನಿಲ್ಲಬೇಡಿ. ಅದು ಚೆನ್ನಾಗಿ ಕಾಣಲ್ಲ.

ಸೆಕೆಂಡ್ ಹ್ಯಾಂಡ್ ಆಟ ಮಾತ್ರ ಬೇರೆ. ಅಲ್ಲಿ ಹುಡುಕಲೇಬೇಕು. ನಾನು ಒಮ್ಮೆ ಬಳಸಿದ ಕಟಾನ್ ಆಟ ಕೊಳ್ಳೋಕೆ ಹೋಗಿದ್ದೆ. ಕ್ಲಾವುಸ್ ಟಾಯ್ಬರ್ ಎಂಬ ಜರ್ಮನ್ ಮನುಷ್ಯ 1995ರಲ್ಲಿ ಹೊರತಂದ ಆಟ. ಬೋರ್ಡ್ ಗೇಮ್ ಚಟ ಹತ್ತಿದ ಅರ್ಧ ಜನಕ್ಕೆ ಮೊದಲ ಆಟ ಅದೇ ಇರಬೇಕು. "ಎಣಿಸಿ ನೋಡಬಹುದಾ?" ಅಂದೆ. ಅಂಗಡಿಯವರು ಕೌಂಟರಿನ ಒಂದು ತುದಿ ಖಾಲಿ ಮಾಡಿಕೊಟ್ಟರು. ಭೂಮಿಯ ಆರುಮೂಲೆ ಬಿಲ್ಲೆಗಳು 19, ಸರಿ ಇದ್ದವು. ರಸ್ತೆ, ಮನೆ, ಪಟ್ಟಣದ ಕಾಯಿಗಳನ್ನು ಬಣ್ಣಬಣ್ಣವಾಗಿ ಗುಂಪು ಮಾಡಿದೆ. ಒಬ್ಬೊಬ್ಬರಿಗೆ 15 ರಸ್ತೆ, 5 ಮನೆ, 4 ಪಟ್ಟಣ. ಅದೂ ಸರಿ. ಆಮೇಲೆ ಕಾರ್ಡು. ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು, ಒಂದೊಂದು 19ರಂತೆ ಒಟ್ಟು 95 ಇರಬೇಕು. ಉಣ್ಣೆ 17ಕ್ಕೇ ನಿಂತಿತು. ಮತ್ತೆ ಎಣಿಸಿದೆ. 17. ಅಂಗಡಿಯವರೂ ಕನ್ನಡಕ ಏರಿಸಿಕೊಂಡು ಒಂದು ಸಲ ಎಣಿಸಿದರು. ನಾನು ಬೆಲೆ ಬಗ್ಗೆ ಬಾಯಿ ಬಿಡೋಕೆ ಮುಂಚೆ ಅವರೇ ಚೀಟಿ ಕಿತ್ತು ಹೊಸ ಬೆಲೆ ಬರೆದರು. ಎರಡು ಕುರಿ ಕಮ್ಮಿಯ ಆ ಆಟ ಇವತ್ತಿಗೂ ನಮ್ಮ ಮನೆಯಲ್ಲಿದೆ. ಕಳೆದ ಎರಡರ ಬದಲು ನನ್ನ ಮಗಳು ರಟ್ಟಿನ ಮೇಲೆ ಕುರಿ ಬರೆದುಕೊಟ್ಟಿದ್ದಾಳೆ. ಒಂದಕ್ಕೆ ಐದು ಕಾಲು.

ಅಲ್ಲಿ ಚೌಕಾಸಿ ಅನ್ನುವುದು ನಡೆಯಲೇ ಇಲ್ಲ ನೋಡಿ. ಕಾರಣ ಕೌಂಟರಿನ ಮೇಲೆ ಹರಡಿಕೊಂಡು ಬಿದ್ದಿತ್ತು. ನೀವು ಕೇಳುವಾಗಲೂ ಹಾಗೆ ತೋರಿಸೋಕೆ ಒಂದು ಕಾರಣ ಇರಲಿ. "ಮೂಲೆ ನಜ್ಜಿದೆ", "ಎರಡು ಕಾರ್ಡು ಇಲ್ಲ", "ಮೂರು ಆಟ ಒಟ್ಟಿಗೆ ತಗೊಳ್ತಿದ್ದೀನಿ". ಸುಮ್ನೆ "ಕೊನೇ ರೇಟು ಹೇಳಿ" ಅಂದರೆ ಎದುರಿನವರಿಗೆ ಒಪ್ಪಿಕೊಳ್ಳೋಕೆ ದಾರಿಯೇ ಇರಲ್ಲ.

ಬಿಡಿ ಕಾರ್ಡುಗಳ ವಿಷಯಕ್ಕೆ ಬರೋಣ. ನಿಮ್ಮ ಡಬ್ಬಿಯೂ ಇದೆಯಲ್ಲ. ರಿಚರ್ಡ್ ಗಾರ್ಫೀಲ್ಡ್ ಮಾಡಿದ ಮ್ಯಾಜಿಕ್ 1993ರಲ್ಲಿ ಬಂದಾಗಿನಿಂದ ಬಿಡಿ ಕಾರ್ಡಿನ ವ್ಯಾಪಾರದ ರೀತಿಯೇ ಬೇರೆ. ಅಲ್ಲಿ ಡಬ್ಬದ ಮೇಲೆ ಅಚ್ಚಾದ ಬೆಲೆ ಅಂತ ಇಲ್ಲ. ಇವತ್ತಿನ ಬೆಲೆ ನಾಳೆ ಇರಲ್ಲ. ಅದಕ್ಕೇ ಅಲ್ಲಿ ಮಾತುಕತೆ ಸಹಜ. ಮಾತು ಹೆಚ್ಚಾಗಿ ನಡೆಯುವುದು ಕಾರ್ಡಿನ ಸ್ಥಿತಿ ಮೇಲೆ. ನಿಯರ್ ಮಿಂಟ್ (ಹೆಚ್ಚುಕಮ್ಮಿ ಹೊಸದರಂತಿದೆ) ಅಂತ ಚೀಟಿ ಹಚ್ಚಿದ ಕಾರ್ಡನ್ನು ಕವರಿನಿಂದ ತೆಗೆಸಿ, ದೀಪದ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಬೆನ್ನಿನ ಅಂಚಿನಲ್ಲಿ ಬಣ್ಣ ಹೋಗಿ ಬಿಳಿ ಚುಕ್ಕಿಗಳು ಸಾಲಾಗಿ ಕಂಡರೆ ಅದು ಲೈಟ್ಲಿ ಪ್ಲೇಡ್, ಅಂದರೆ ಸ್ವಲ್ಪ ಆಡಿ ಸವೆದದ್ದು. ಮಡಿಕೆಯ ಗೆರೆ ಕಂಡರೆ ಇನ್ನೂ ಕೆಳಗೆ. "ಈ ಮೂಲೆ ನೋಡಿ, ಇದು ನಿಯರ್ ಮಿಂಟ್ ಅನ್ಸುತ್ತಾ ನಿಮಗೆ?" ಅಂತ ಕೇಳಿದರೆ ಸಾಕು. ಒಳ್ಳೇ ಅಂಗಡಿಯವರು ವಾದ ಮಾಡಲ್ಲ.

ಎಲ್ಲ ಕಾರ್ಡಿಗೂ ಬಗ್ಗುತ್ತಾರೆ ಅಂತಲೂ ಇಲ್ಲ. 1995ರಲ್ಲಿ ಕ್ರಾನಿಕಲ್ಸ್ ಅನ್ನುವ ಸೆಟ್ಟಿನಲ್ಲಿ ಹಳೇ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿದ್ದಕ್ಕೆ ಸಂಗ್ರಹಕಾರರು ಗಲಾಟೆ ಎಬ್ಬಿಸಿದರು. ಮರುವರ್ಷ ಕಂಪನಿ ಒಂದು ಪಟ್ಟಿ ಹೊರಡಿಸಿ, ಇದರಲ್ಲಿರುವುದನ್ನು ಮತ್ತೆ ಅಚ್ಚು ಹಾಕಲ್ಲ ಅಂತ ಮಾತು ಕೊಟ್ಟಿತು. ಅದೇ ರಿಸರ್ವ್ಡ್ ಲಿಸ್ಟ್. ಆ ಪಟ್ಟಿಯ ಕಾರ್ಡು ಕೈಲಿರುವವರಿಗೆ ಅವಸರವೇ ಇರಲ್ಲ. ಪಟ್ಟಿಯಲ್ಲಿಲ್ಲದ್ದು ಯಾವಾಗ ಬೇಕಾದರೂ ಮರುಮುದ್ರಣವಾಗಿ ಬೆಲೆ ಕುಸಿಯಬಹುದು. ಮರುಮುದ್ರಣದ ಸುದ್ದಿ ಬಂದ ವಾರ ಹೋಗಿ ಕೇಳಿ, ಮಾತು ಎಷ್ಟು ಮೆತ್ತಗಿರುತ್ತದೆ ಅಂತ ನೀವೇ ನೋಡುತ್ತೀರಿ.

ಮೊಬೈಲ್ ತೆಗೆದು ಆನ್‌ಲೈನ್ ಬೆಲೆ ತೋರಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಬಿಡಿ ಕಾರ್ಡಿಗೆ ತೋರಿಸಿ, ಪರವಾಗಿಲ್ಲ. ಅಂಗಡಿಯವರೂ ಟಿಸಿಜಿಪ್ಲೇಯರ್, ಕಾರ್ಡ್‌ಮಾರ್ಕೆಟ್ ಥರದ ಕಾರ್ಡು ಮಾರುವ ಜಾಲತಾಣಗಳಲ್ಲಿ ನೋಡಿಯೇ ಬೆಲೆ ಇಟ್ಟಿರುತ್ತಾರೆ. ಆದರೆ ಅವರದೇ ಮಾದರಿ ಡಬ್ಬದಲ್ಲಿ ಎರಡು ಸಲ ಆಡಿ, ನಿಯಮ ಅವರಿಂದಲೇ ಕಲಿತು, ಆಮೇಲೆ "ಆನ್‌ಲೈನಲ್ಲಿ ಇಷ್ಟಕ್ಕೆ ಸಿಗುತ್ತೆ" ಅಂತ ಮೊಬೈಲ್ ಮುಂದೆ ಹಿಡಿಯುವುದು ನನಗೆ ಸರಿ ಕಾಣಲ್ಲ. ಆನ್‌ಲೈನಲ್ಲೇ ಕೊಳ್ಳಬೇಕಾದರೆ ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಅದನ್ನು ಅವರ ಮುಖದ ಮುಂದೆ ಆಡಿಸಬೇಕಾ? ಈ ವಿಷಯದಲ್ಲಿ ನಾನು ಸ್ವಲ್ಪ ಹಳೇ ಕಾಲದವನು.

ಕೇಳುವ ಹೊತ್ತೂ ಮುಖ್ಯ. ಟೂರ್ನಮೆಂಟ್ ಸಂಜೆ ಬೇಡ, ಹೊಸ ಸೆಟ್ ಬಂದ ದಿನ ಬೇಡ. ವಾರದ ನಡುವೆ, ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತಿಗೆ ಹೋಗಿ. ಗಲ್ಲಾದಲ್ಲಿ ಕೂತಿರುವುದು ಮಾಲೀಕರಾ, ಕೆಲಸದ ಹುಡುಗನಾ ಅಂತ ನೋಡಿಕೊಳ್ಳಿ. ಬೆಲೆ ಇಳಿಸೋಕೆ ಆ ಹುಡುಗನಿಗೆ ಅಧಿಕಾರ ಇರಲ್ಲ, ಪಾಪ ಅವನು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾನೆ. ದುಡ್ಡಿನಲ್ಲಿ ಆಗಲ್ಲ ಅಂದರೆ ಬೇರೆ ರೀತಿ ಕೇಳಿ ನೋಡಿ. "ಬೆಲೆ ಇರಲಿ ಬಿಡಿ, ಇದರ ಜೊತೆ ಒಂದು ಪ್ಯಾಕ್ ಕಾರ್ಡ್ ಕವರ್ ಹಾಕಿಕೊಡ್ತೀರಾ?" ಅದಕ್ಕೆ ಸುಲಭವಾಗಿ ಹ್ಞೂಂ ಅಂತಾರೆ. ಅವರ ಕೈಯಿಂದ ಹೋಗುವುದು ಕವರಿನ ಸಗಟು ಬೆಲೆ, ನಿಮಗೆ ಉಳಿಯುವುದು ಅದರ ಪೂರ್ತಿ ಬೆಲೆ. (ಮ್ಯಾಜಿಕ್ ಕಾರ್ಡು 63 ಮಿಲಿಮೀಟರ್ ಅಗಲ, 88 ಉದ್ದ. ಕಟಾನ್ ಕಾರ್ಡು ಅದಕ್ಕಿಂತ ಚಿಕ್ಕದು. ಅಳತೆ ನೋಡಿ ಕೇಳಿ, ನನ್ನ ಹಾಗೆ ತಪ್ಪು ಕವರ್ ಮನೆಗೆ ತರಬೇಡಿ.)

ಕೇಳೋದು ಒಂದೇ ಸಲ. ಆಗಲ್ಲ ಅಂದರೆ "ಆಯ್ತು ಬಿಡಿ" ಅಂತ ನಕ್ಕು, ಬೇಕಿದ್ದರೆ ಪೂರ್ತಿ ಬೆಲೆ ಕೊಟ್ಟು ತಗೊಳ್ಳಿ, ಇಲ್ಲದಿದ್ದರೆ ಕಪಾಟಿನಲ್ಲಿ ಇದ್ದಲ್ಲೇ ಇಡಿ. ಆದರೆ ಅವರು ಒಪ್ಪಿಬಿಟ್ಟರೆ ನೀವು ಕೊಳ್ಳಲೇಬೇಕು. ಅಷ್ಟು ಇಳಿಸಿಕೊಂಡು "ನಾಳೆ ಬರ್ತೀನಿ" ಅನ್ನುವವರನ್ನು ಕಂಡರೆ ಯಾವ ಅಂಗಡಿಯವರಿಗೂ ಆಗಲ್ಲ.

ಇನ್ನು ನಿಮ್ಮ ಕಾರ್ಡಿನ ಡಬ್ಬಿ. ಈಗ ನೀವು ಮಾರುವವರು, ಚೌಕಾಸಿ ಅವರ ಕಡೆಯಿಂದ ಬರುತ್ತದೆ. ಆನ್‌ಲೈನಲ್ಲಿ ಕಂಡ ಬೆಲೆ ನಿಮಗೆ ಸಿಗಲ್ಲ. ಅವರು ಮಾರುವ ಬೆಲೆಯ ಅರ್ಧ, ಅದಕ್ಕೂ ಕಮ್ಮಿ ಹೇಳಿದರೆ ಬೇಜಾರಾಗಬೇಡಿ. ನಿಮ್ಮಿಂದ ಕೊಂಡ ಹತ್ತರಲ್ಲಿ ನಾಲ್ಕು ವರ್ಷಗಟ್ಟಲೆ ಹಾಗೇ ಕೂರಬಹುದು. ನಗದಿನ ಬದಲು ಸ್ಟೋರ್ ಕ್ರೆಡಿಟ್ (ಅದೇ ಅಂಗಡಿಯಲ್ಲಿ ಖರ್ಚು ಮಾಡುವ ಜಮೆ) ತಗೊಳ್ತೀನಿ ಅಂದರೆ ಸಾಮಾನ್ಯವಾಗಿ ಜಾಸ್ತಿ ಕೊಡುತ್ತಾರೆ. ದುಡ್ಡು ಅಂಗಡಿಯೊಳಗೇ ಸುತ್ತುತ್ತದಲ್ಲ. ನೀವು ಹೇಗಿದ್ದರೂ ಆ ದೊಡ್ಡ ಆಟ ಕೊಳ್ಳಬೇಕು ಅಂತಿದ್ದೀರಿ. ಅದನ್ನು ಅಗ್ಗಕ್ಕೆ ತರೋಕೆ ನಿಮಗಿರುವ ಒಳ್ಳೇ ದಾರಿ ಇದೇ, ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ.

ಹೋಗುವ ಮುಂಚೆ ಕಾರ್ಡುಗಳನ್ನು ಸೆಟ್ಟಿನ ಪ್ರಕಾರ ಜೋಡಿಸಿ, ಅಪರೂಪದವನ್ನು ಬೇರೆ ತೆಗೆದಿಡಿ. ಎರಡು ಸಾವಿರ ಕಾರ್ಡು ಸುರಿದು "ಎಷ್ಟು ಕೊಡ್ತೀರಾ?" ಅಂದರೆ ಆರಿಸುವ ಕೂಲಿಯೂ ಬೆಲೆಯಲ್ಲಿ ಮುರಿದುಹೋಗುತ್ತದೆ. ಅವರು ಭೂತಗನ್ನಡಿ ಹಿಡಿದು ಬೆಲೆಬಾಳುವ ಕಾರ್ಡಿನ ಅಚ್ಚಿನ ಚುಕ್ಕಿಗಳನ್ನು ನೋಡಿದರೆ, ನನ್ನನ್ನೇ ಅನುಮಾನಿಸ್ತಾರಲ್ಲ ಅಂದುಕೊಳ್ಳಬೇಡಿ. ನಕಲಿ ಕಾರ್ಡು ಅಷ್ಟು ಓಡಾಡುತ್ತಿದೆ. ನೋಡದೇ ಕೊಳ್ಳುವ ಅಂಗಡಿಯಲ್ಲಿ ನಾನಂತೂ ಬಿಡಿ ಕಾರ್ಡು ಕೊಳ್ಳಲ್ಲ.

ಮುಜುಗರದ ಮಾತು ಉಳಿಯಿತು. ಕ್ಷಮೆಯ ಭಾಷಣ ಏನೂ ಬೇಡ. ಅವರು ಇಂಥ ಪ್ರಶ್ನೆ ದಿನಾ ಕೇಳಿರುತ್ತಾರೆ, ನಿಮ್ಮದು ಆಗಲೇ ಮರೆತಿರಬಹುದು. ಜನ ಇಲ್ಲದ ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಹೋಗಿ. ಗೆಳೆಯನನ್ನೂ ಕರೆದುಕೊಂಡು ಹೋಗಿ, ಅವರ ತಪ್ಪು ಅಷ್ಟು ದೊಡ್ಡದೇನಲ್ಲ. ಗಲ್ಲಾ ಹತ್ತಿರ ಹೋದಾಗ ಮಾತ್ರ ಅವರ ಕೈಗೆ ಯಾವುದಾದರೂ ದಪ್ಪ ನಿಯಮ ಪುಸ್ತಕ ಕೊಟ್ಟು ಮೂಲೆಯಲ್ಲಿ ಕೂರಿಸಿ.