ಮೊದಲ ಲೇಸ್ ಶಾಲನ್ನು ಮನೆಯ ರೇಷ್ಮೆ ನೂಲಿನಲ್ಲೇ ಹೆಣೆಯಬಹುದಾ?

ಮಾವನ ಮನೆಯಲ್ಲಿ ರೀಲಿಂಗ್, ಅಂದರೆ ರೇಷ್ಮೆ ಗೂಡಿಂದ ನೂಲು ತೆಗೆಯೋ ಕೆಲಸ ಇದೆ, ಕಚ್ಚಾ ರೇಷ್ಮೆ ಕೈಗೆ ಸಿಗುತ್ತೆ, ಉಣ್ಣೆಗೆ ದುಡ್ಡು ಹಾಕೋ ಬದಲು ಮೊದಲ ಲೇಸ್ (ತೂತು ತೂತಿನ ಡಿಸೈನಿನ) ಶಾಲನ್ನು ಅದರಲ್ಲೇ ಹೆಣೆದರೆ ಆಗಲ್ವಾ, ಆಮೇಲೆ ಮಾರಬಹುದಾ ಅಂತ ಕೇಳಿದ್ದೀರಿ. ಹೆಣೆಯೋಕೆ ಆಗುತ್ತೆ. ಹೊದೆಯೋಕೆ ಆಗಲ್ಲ.

ನನ್ನ ತವರು ಶಿಡ್ಲಘಟ್ಟ. ನಮ್ಮದೂ ರೀಲಿಂಗ್ ಮನೆ. ಅಪ್ಪ ಬೆಳಿಗ್ಗೆ ಎದ್ದು ಗೂಡಿನ ಮಾರ್ಕೆಟ್‌ಗೆ ಹೋದರೆ ಹರಾಜು ಮುಗಿಸಿಕೊಂಡೇ ಬರುತ್ತಿದ್ದರು. ಬೆಂದ ಗೂಡಿನ ವಾಸನೆ ನಮ್ಮ ಸ್ಕೂಲ್ ಯೂನಿಫಾರ್ಮಿಗೂ ಮೆತ್ತಿಕೊಂಡಿರುತ್ತಿತ್ತು. ಹೀಗಿರುವಾಗ ನೂಲಿನ ಬಗ್ಗೆ ನನಗೆ ಯಾರು ಏನು ಹೇಳಿಕೊಡಬೇಕು ಅನ್ನೋ ಧಿಮಾಕು. ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೆ ಪಕ್ಕದ ಮನೆ ಟೀಚರ್ ಹತ್ತಿರ ಟೋಪಿ, ಸ್ವೆಟರ್ ಕಲಿತೆ. ಲೇಸ್ ಹುಚ್ಚು ಹಿಡಿಸಿದ್ದು ಯೂಟ್ಯೂಬ್. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಕಡೆಯ ಶಾಲು, ಇಡೀ ಶಾಲನ್ನು ಬೆರಳಿನ ಉಂಗುರದೊಳಗಿಂದ ಎಳೆದು ತೋರಿಸುತ್ತಿದ್ದರು. ಉಣ್ಣೆಯಲ್ಲೇ ಇಷ್ಟು ನಾಜೂಕು ಬಂದರೆ ನಮ್ಮ ರೇಷ್ಮೆಯಲ್ಲಿ ಇನ್ನೆಷ್ಟು ಬರಬೇಡ, ಅಕ್ಕನ ಮಗಳ ಮದುವೆಗೆ ಒಂದು ಮಾಡಿಯೇ ಬಿಡೋಣ ಅಂದುಕೊಂಡೆ. ತವರಿಂದ ಲಡಿ ತರುವಾಗ ಅಮ್ಮ ಅಂದಳು, "ಅದು ಮಗ್ಗಕ್ಕೆ ಹೋಗೋ ನೂಲು ಕಣೇ, ಕಡ್ಡಿಗಲ್ಲ." ನಾನು ನಕ್ಕೆ.

ಈಗ ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದವಾಯಿತು ಅಂತ ಬೇಜಾರಾಗಬೇಡಿ, ಇಷ್ಟು ಗೊತ್ತಿದ್ದಿದ್ದರೆ ನನ್ನ ಒಂದು ಚಳಿಗಾಲ ಉಳಿಯುತ್ತಿತ್ತು.

ಎಂಟು ಹತ್ತು ಗೂಡಿನ ಎಳೆ ಒಟ್ಟಿಗೆ ಎಳೆದರೆ ಒಂದು ನೂಲು. ಅದು ಸುಮಾರು 20-22 ಡೀನಿಯರ್. ಅಂದರೆ 9,000 ಮೀಟರ್ ನೂಲು ತೂಗಿದರೂ 20ರಿಂದ 22 ಗ್ರಾಂ, ಅಷ್ಟೇ. ಹೊಲಿಗೆ ದಾರಕ್ಕಿಂತ ಎಷ್ಟೋ ತೆಳು. ತೂಕದ ಲೆಕ್ಕದಲ್ಲಿ ತೆಳು ಲೇಸ್ ಉಣ್ಣೆಗೆ ಸಮ ಬರಬೇಕಾದರೆ ಇಂಥ ಇಪ್ಪತ್ತಕ್ಕೂ ಜಾಸ್ತಿ ನೂಲು ಸೇರಬೇಕು. ನಾನು ಸೇರಿಸಿದೆ. ಆದರೆ ಹುರಿ ಹಾಕಿಸಲಿಲ್ಲ, ಅಂದರೆ ಎಳೆಗಳನ್ನು ಸೇರಿಸಿ ತಿರುಚಿಸಲಿಲ್ಲ, ಸುಮ್ನೆ ಜೊತೆಗೆ ಉಂಡೆ ಸುತ್ತಿದೆ. ಹುರಿ ಇಲ್ಲದಿದ್ದರೂ ಅವು ಒಂದಕ್ಕೊಂದು ಹಿಡಿದುಕೊಂಡೇ ಇದ್ದವು, ಯಾಕೆಂದರೆ ಕಚ್ಚಾ ರೇಷ್ಮೆಯಲ್ಲಿ ಅಂಟು ಇರುತ್ತೆ. ಹುಳ ಗೂಡು ಕಟ್ಟುವಾಗ ಬಿಡೋ ಅಂಟು ಅದು, ಹೆಸರು ಸೆರಿಸಿನ್. ನೂಲಿನ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅದೇ.

ಮೋಸ ಹೋಗಿದ್ದು ಈ ಅಂಟಿಗೆ. ಕಡ್ಡಿಯ ಮೇಲಿದ್ದಾಗ ಶಾಲು ಎಷ್ಟು ಚೆನ್ನಾಗಿತ್ತು ಗೊತ್ತಾ? ಒಂದೊಂದು ತೂತೂ ಕೊರೆದಿಟ್ಟ ಹಾಗೆ ನಿಂತಿತ್ತು. ಆದರೆ ಒರಟು. ಕುತ್ತಿಗೆಗೆ ಸುತ್ತಿದರೆ ಚುಚ್ಚುತ್ತೆ, ರೇಷ್ಮೆಯ ಮಿಂಚು ಇಲ್ಲವೇ ಇಲ್ಲ. ಬೇಯಿಸಿದರೆ ಮೆತ್ತಗಾಗುತ್ತೆ ಅಂತ ಕೇಳಿದ್ದೆ. ನಮ್ಮ ಮನೆಯಲ್ಲಿ ನೂಲು ತೆಗೆದು ಲಡಿ ಕಟ್ಟಿ ಕಳಿಸೋದಷ್ಟೇ. ಹುರಿ, ಬೇಯಿಸೋದು, ಬಣ್ಣ ಎಲ್ಲ ಬೇರೆಯವರ ಕೆಲಸ. ಅವರು ಯಾವುದನ್ನು ಮೊದಲು ಮಾಡ್ತಾರೆ, ಯಾವುದನ್ನು ಆಮೇಲೆ ಅಂತ ಒಬ್ಬರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಹೆಣೆದು ಮುಗಿದ ಶಾಲನ್ನೇ ಸೋಪು, ಸೋಡಾ ಹಾಕಿದ ಬಿಸಿನೀರಿಗೆ ಇಳಿಸಿದೆ.

ಅಂಟು ಹೋಯಿತು. ಕಾಲು ಭಾಗ ನೂಲೇ ಹೋದ ಹಾಗೆ. ಬಿಗಿಯಾಗಿದ್ದ ಕುಣಿಕೆಗಳೆಲ್ಲ ಸಡಿಲ ಬಿದ್ದವು, ಯಾವುದು ತೂತು ಯಾವುದು ಕುಣಿಕೆ ಅಂತ ಗೊತ್ತಾಗದ ಹಾಗಾಯಿತು. ಹುರಿ ಇಲ್ಲದ ನೂಲು, ಹಿಡಿದಿಡೋಕೆ ಏನೂ ಉಳಿದಿಲ್ಲ, ಎಳೆ ಎಳೆ ಬಿಚ್ಚಿಕೊಂಡು ಹಿಂಜಿದ ಅರಳೆ ಥರ ಎದ್ದು ನಿಂತವು. ಮಿಂಚು ಮಾತ್ರ ಬಂತು, ಅದನ್ನು ಒಪ್ಪಬೇಕು. ಮುಟ್ಟಿದರೆ ನನ್ನ ಪಾತ್ರೆ ಉಜ್ಜೋ ಕೈಗೇ ಸಿಕ್ಕಿಕೊಳ್ಳುತ್ತಿತ್ತು. ಮದುಮಗಳ ಬಳೆ, ಜರಿ ಸೀರೆಯ ಮೇಲೆ ಹೊದಿಸೋ ಮಾತೇ ಇಲ್ಲ.

ಅಂದರೆ ಮೊದಲು ಹುರಿ, ಆಮೇಲೆ ಬೇಯಿಸೋದು, ಕೊನೆಗೆ ಹೆಣಿಗೆ. ನಾನು ಒಂದನ್ನು ಬಿಟ್ಟೆ, ಉಳಿದ ಎರಡನ್ನು ಹಿಂದುಮುಂದು ಮಾಡಿದೆ.

ಹಾಗಾದರೆ ಹುರಿ ಹಾಕಿಸಿ ಬೇಯಿಸಿದ ರೇಷ್ಮೆ ತಗೊಳ್ತೀನಿ ಅಂತೀರಾ? ಅದೂ ಬೇಡ, ಮೊದಲ ಶಾಲಿಗಂತೂ ಬೇಡವೇ ಬೇಡ. ರೇಷ್ಮೆಗೆ ಉಣ್ಣೆಯ ಸ್ಪ್ರಿಂಗ್ ಇಲ್ಲ. ಕಡ್ಡಿಯಿಂದ ಜಾರಿದ ಕುಣಿಕೆ ನೀವು ನೋಡೋದರೊಳಗೆ ನಾಲ್ಕು ಸಾಲು ಕೆಳಗೆ ಇಳಿದಿರುತ್ತೆ. ಲೇಸ್‌ನಲ್ಲಿ ಅದು ಸ್ವೆಟರ್ ಥರ ನೇರ ಏಣಿಯಾಗಿ ಬಿಚ್ಚಲ್ಲ, ಅಡ್ಡಾದಿಡ್ಡಿ ಹೋಗುತ್ತೆ. ಕ್ರೋಶ ಕಡ್ಡಿ ಹಾಕಿ ಎತ್ತಿಕೊಂಡು ಬರೋದು ಕಲಿತವರಿಗೇ ಕಷ್ಟ. ಉಣ್ಣೆಯನ್ನು ನೀರಲ್ಲಿ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಹಿಂಡಿ, ಹಾಸಿಗೆ ಮೇಲೆ ಎಳೆದು ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚಿ ಒಣಗಿಸಿದರೆ ಎಳೆದ ಆಕಾರದಲ್ಲೇ ನಿಲ್ಲುತ್ತೆ. ಕಡ್ಡಿಯಿಂದ ತೆಗೆದಾಗ ಮುದುಡಿದ ಚಿಂದಿ ಥರ ಕಾಣೋದು ಲೇಸ್ ಆಗೋದು ಅಲ್ಲಿಯೇ. ಶೆಟ್‌ಲ್ಯಾಂಡಿನವರು, ಎಸ್ಟೋನಿಯಾದ ಹಾಪ್ಸಾಲು ಊರಿನವರು ಉಂಗುರದೊಳಗೆ ತೂರೋ ಶಾಲಿಗೆ ಉಣ್ಣೆ ಹಿಡಿದಿದ್ದು ಸುಮ್ನೆ ಅಲ್ಲ. ರಷ್ಯಾದ ಓರೆನ್‌ಬರ್ಗ್ ಶಾಲಿನಲ್ಲಿ ರೇಷ್ಮೆ ಇದೆ, ನಿಜ. ಅಲ್ಲೂ ಮೇಕೆಯ ತುಪ್ಪಳದ ನೂಲಿಗೆ ಜೊತೆಗಾರನಾಗಿ ಒಂದು ಎಳೆ, ಅಷ್ಟೇ.

ಅಂಗಡಿಯಲ್ಲಿ "ಉಲ್ಲನ್" ಅಂತ ಕೊಡೋದು ಜಾಸ್ತಿ ಅಕ್ರಿಲಿಕ್. ಒಂದು ತುಂಡು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದಿದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್, ಅದು ನೀರಿಗೆ ನೆನೆಸಿ ಎಳೆದರೆ ನಿಲ್ಲಲ್ಲ.

ಇನ್ನೊಂದು ವಿಷಯ, ಮೊದಲೇ ಶಾಲು ಯಾಕೆ? ಟೀಪಾಯಿ ಮೇಲೆ ಹಾಕೋ ದುಂಡನೆಯ ಡಾಯ್ಲಿ ಮಾಡಿ. ಬಿಳಿ ಕಾಟನ್ ಕ್ರೋಶ ದಾರ, ಎರಡೂ ಕಡೆ ಮೊನೆ ಇರೋ 2 ಮಿಲಿಮೀಟರ್ ಕಡ್ಡಿ ಐದು. ಕಾಟನ್ ಆದರೆ ಎಷ್ಟು ಸಲ ಬಿಚ್ಚಿದರೂ ಚಿಂತೆ ಇಲ್ಲ. ಮುಗಿದ ಮೇಲೆ ಸೀರೆಗೆ ಹಾಕೋ ಸಬ್ಬಕ್ಕಿ ಗಂಜಿಯಲ್ಲೇ ಅದ್ದಿ ಪಿನ್ ಹಾಕಿ, ಗರಿಗರಿಯಾಗಿ ಕೂರುತ್ತೆ. ದುಂಡನೆಯ ಲೆಕ್ಕಕ್ಕೆ ಹೆಣಿಗೆ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್ ಹೇಳಿಕೊಟ್ಟ ಸುಲಭದ ದಾರಿ ಇದೆ. 9 ಕುಣಿಕೆಯಿಂದ ಶುರು, ಒಂದು ಸುತ್ತು ಹೆಣೆದು ಕುಣಿಕೆ ದುಪ್ಪಟ್ಟು ಮಾಡಿದರೆ 18. ಮುಂದೆಯೂ ಹಾಗೇ ದುಪ್ಪಟ್ಟು. ಮೂರು ಸುತ್ತು ಹೆಣೆದು 36, ಆರು ಸುತ್ತಿಗೆ 72, ಹನ್ನೆರಡಕ್ಕೆ 144. ನಡುವಿನ ಸುತ್ತುಗಳಲ್ಲಿ ನಿಮ್ಮಿಷ್ಟದ ಡಿಸೈನ್. ಕಡ್ಡಿಗೆ ನೂಲು ಸುತ್ತಿ ಒಂದು ತೂತು ಮಾಡಿದಾಗಲೆಲ್ಲ ಎಲ್ಲಾದರೂ ಎರಡು ಕುಣಿಕೆಯನ್ನು ಒಂದಾಗಿ ಸೇರಿಸಿ ಹೆಣೆಯಲೇಬೇಕು, ಆಗ ಲೆಕ್ಕ ಸರಿ ಇರುತ್ತೆ. ಡಿಸೈನ್ ಒಂದು ಸಲ ಮುಗಿದಾಗೆಲ್ಲ ಸೂಜಿಯಲ್ಲಿ ಬೇರೆ ಬಣ್ಣದ ಹೊಲಿಗೆ ದಾರವನ್ನು ಎಲ್ಲ ಕುಣಿಕೆಯೊಳಗೂ ಹಾಯಿಸಿ ಬಿಡಿ. ಇದಕ್ಕೆ ಲೈಫ್‌ಲೈನ್ ಅಂತಾರೆ. ತಪ್ಪಾದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು. ಡಾಯ್ಲಿ ಸರಿಯಾಗಿ ಬಂದ ಮೇಲೆ ಉಣ್ಣೆ ತರಿಸಿ.

ಮಾರೋ ವಿಷಯ ಕೇಳಿದಿರಲ್ಲ. ಬೇಡ. ಗಂಟೆ ಲೆಕ್ಕ ಹಾಕಿ ಬೆಲೆ ಹೇಳಿದರೆ ಕೊಳ್ಳೋರು ಮುಖ ನೋಡ್ತಾರೆ, ಅವರು ಹೇಳೋ ಬೆಲೆಗೆ ಕೊಟ್ಟರೆ ಉಣ್ಣೆಯ ದುಡ್ಡೂ ಹುಟ್ಟಲ್ಲ. ದುಡ್ಡೇ ಬೇಕಿದ್ದರೆ ಸೀರೆಗೆ ಕುಚ್ಚು ಹಾಕೋದು ಕಲೀರಿ, ನಮ್ಮ ಕಡೆ ಅದಕ್ಕೆ ಮದುವೆ ಸೀಸನ್‌ನಲ್ಲಿ ಕೈ ಬಿಡುವೇ ಇರಲ್ಲ.