ಶಾಸಕರಾಗಿ ಎರಡೇ ವರ್ಷಕ್ಕೆ ಸಂಸತ್ತು: ಶ್ರೀ ಥಾಣೇದಾರ್ ಏರಿದ ಬಗೆ

"ಬೆಳಗಾವಿ ಜಿಲ್ಲೆಯ ಶ್ರೀ ಥಾಣೇದಾರ್ ಅಮೆರಿಕದಲ್ಲಿ ರಾಜ್ಯ ಶಾಸಕರಾಗಿ ಎರಡೇ ವರ್ಷಕ್ಕೆ ಸಂಸದರಾದರಲ್ಲ, ಅದು ಬರೀ ದುಡ್ಡಿನ ಬಲವೇ?" ಎಂದು ಕೇಳಿದ್ದೀರಿ. ನಾನೂ ಚಿಕ್ಕೋಡಿ ಕಡೆಯವನು, ಈಗ ಮಿಷಿಗನ್‌ನಲ್ಲಿ ನೆಲೆಸಿದ್ದೇನೆ. ಅವರ ಚುನಾವಣೆಗಳನ್ನೆಲ್ಲ ಆಸಕ್ತಿಯಿಂದ ಗಮನಿಸುತ್ತ ಬಂದಿದ್ದೇನೆ. ದುಡ್ಡಿಲ್ಲದಿದ್ದರೆ ಅವರು ಕಣಕ್ಕೇ ಇಳಿಯುತ್ತಿರಲಿಲ್ಲ, ನಿಜ. ಆದರೆ ದುಡ್ಡನ್ನು ನೀರಿನಂತೆ ಚೆಲ್ಲಿದ ಮೊದಲ ಚುನಾವಣೆಯಲ್ಲಿ ಅವರು ಸೋತರು. ಗೆಲುವು ಸಿಕ್ಕಿದ್ದು ಊರು ಬದಲಿಸಿ, ಆಸೆಯನ್ನು ತಗ್ಗಿಸಿಕೊಂಡು, ಕೆಳಗಿನಿಂದ ಮತ್ತೆ ಶುರು ಮಾಡಿದ ಮೇಲೆ.

ಅವರು ಹುಟ್ಟಿದ್ದು 1955ರಲ್ಲಿ, ಚಿಕ್ಕೋಡಿಯಲ್ಲಿ. ಬೆಳೆದದ್ದು ಬೆಳಗಾವಿಯಲ್ಲಿ, ಮನೆಮಾತು ಮರಾಠಿ. ತಂದೆ ನಿವೃತ್ತರಾದಾಗ ಹುಡುಗನಿಗೆ 14 ವರ್ಷ. ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿ ಮನೆಗೆ ನೆರವಾಗುತ್ತಲೇ 18ನೇ ವಯಸ್ಸಿಗೆ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದರು. ಮುಂಬೈಯಲ್ಲಿ ಸ್ನಾತಕೋತ್ತರ ಪದವಿ, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಕೆಲಸ, 1979ರಲ್ಲಿ ಅಮೆರಿಕ, ಅಕ್ರಾನ್ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ರಸಾಯನಶಾಸ್ತ್ರದ ಪಿಎಚ್‌ಡಿ. 1991ರಲ್ಲಿ ಸೇಂಟ್ ಲೂಯಿಸ್‌ನ ಕೆಮಿರ್ ಎಂಬ ಪುಟ್ಟ ಪ್ರಯೋಗಾಲಯವನ್ನು ಸಾಲ ಮಾಡಿ ಕೊಂಡು ದೊಡ್ಡದಾಗಿ ಬೆಳೆಸಿದರು. 2008ರ ಆರ್ಥಿಕ ಕುಸಿತದಲ್ಲಿ ಕಟ್ಟಿದ್ದೆಲ್ಲ ಬ್ಯಾಂಕಿನ ಪಾಲಾಯಿತು. ಆಗ ಅವರಿಗೆ ಐವತ್ತು ದಾಟಿತ್ತು. ಆ್ಯನ್ ಆರ್ಬರ್‌ಗೆ ಬಂದು ಅವೊಮೀನ್ ಎಂಬ ಇನ್ನೊಂದು ಪ್ರಯೋಗಾಲಯ ತೆರೆದು, 2016ರಲ್ಲಿ ಅದರ ಬಹುಪಾಲನ್ನು ಮಾರಿದರು. ರಾಜಕೀಯಕ್ಕೆ ಸುರಿದ ಹಣ ಬಂದದ್ದು ಹೀಗೆ.

2018ರಲ್ಲಿ ಅವರು ನೇರವಾಗಿ ಮಿಷಿಗನ್ ರಾಜ್ಯದ ಗವರ್ನರ್ ಹುದ್ದೆಗೇ ಕೈ ಹಾಕಿದರು. ಇಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಅಧಿಕಾರವುಳ್ಳ ಹುದ್ದೆ. ಆ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಅವರ ಜಾಹೀರಾತು ಬಂತು. ಒಬ್ಬರಾದ ಮೇಲೊಬ್ಬರು ಅವರ ಹೆಸರನ್ನು ಉಚ್ಚರಿಸಲು ತಡವರಿಸುವ ದೃಶ್ಯ ಅದು. ನಮ್ಮ ಕಡೆ ಮಕ್ಕಳೂ ಸಲೀಸಾಗಿ ಹೇಳುವ "ಶ್ರೀ" ಇಲ್ಲಿನವರಿಗೆ ಎಷ್ಟು ಹೊಸದು ಎಂಬುದನ್ನೇ ಅವರು ಪರಿಚಯ ಪತ್ರವಾಗಿ ಮಾಡಿಕೊಂಡರು. ಒಂದು ಕೋಟಿ ಡಾಲರ್‌ಗೂ ಹೆಚ್ಚು ಸ್ವಂತ ಹಣ ಖರ್ಚಾಯಿತು. ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯ ಫಲಿತಾಂಶ ಬಂದಾಗ ಗ್ರೆಚನ್ ವಿಟ್ಮರ್ ಮತ್ತು ಅಬ್ದುಲ್ ಎಲ್-ಸಯೀದ್ ಅವರ ನಂತರ ಮೂರನೆಯ ಸ್ಥಾನ, ಸುಮಾರು ಶೇ 18 ಮತ.

ಅಷ್ಟು ಕಳೆದುಕೊಂಡ ಬೇರೆ ಯಾರೇ ಆಗಿದ್ದರೂ ಮನೆ ಸೇರುತ್ತಿದ್ದರು. ಇವರು ಆ್ಯನ್ ಆರ್ಬರ್ ಬಿಟ್ಟು ಡೆಟ್ರಾಯಿಟ್‌ಗೆ ಮನೆ ಬದಲಿಸಿ, 2020ರಲ್ಲಿ ರಾಜ್ಯದ ಕೆಳಮನೆಗೆ ಆಯ್ಕೆಯಾದರು. ರಾಜಧಾನಿ ಲ್ಯಾನ್ಸಿಂಗ್‌ನಲ್ಲಿರುವ ಆ ಸದನದಲ್ಲಿ 110 ಸದಸ್ಯರು, ಅವಧಿ ಎರಡೇ ವರ್ಷ. ಆಗ ಬಹುಮತ ರಿಪಬ್ಲಿಕನ್ನರದ್ದು. ವಿರೋಧ ಪಕ್ಷದ ಹೊಸ ಸದಸ್ಯನೊಬ್ಬ ಅಲ್ಲಿ ಹೆಚ್ಚೇನೂ ಮಾಡಲಾಗುವುದಿಲ್ಲ. ಅದಕ್ಕೇ ಅವರ ಶಾಸಕ ಜೀವನವನ್ನು ದೊಡ್ಡ ಸಾಧನೆ ಎಂದು ನಾನು ಹೊಗಳಲಾರೆ.

ಆದರೆ ಇಲ್ಲಿನ ಶಾಸಕರು ಮೇಲಿನ ಹುದ್ದೆಗೆ ಇಷ್ಟೊಂದು ಅವಸರಪಡುವುದಕ್ಕೆ ಬಲವಾದ ಕಾರಣವೊಂದಿದೆ. 1992ರಲ್ಲಿ ಮಿಷಿಗನ್ ಜನ ಮತ ಹಾಕಿ ಶಾಸಕರಿಗೆ ಅವಧಿ ಮಿತಿ ತಂದರು: ಕೆಳಮನೆಯಲ್ಲಿ ಜೀವಮಾನಕ್ಕೆ ಆರೇ ವರ್ಷ, ಮೇಲ್ಮನೆಯಲ್ಲಿ ಎಂಟು. (2022ರಲ್ಲಿ ಇದನ್ನು ಎರಡೂ ಸೇರಿ 12 ವರ್ಷವೆಂದು ತಿದ್ದಿದರು.) ನಮ್ಮ ಮಲ್ಲಿಕಾರ್ಜುನ ಖರ್ಗೆಯವರು ಸತತ ಒಂಬತ್ತು ಬಾರಿ ವಿಧಾನಸಭೆಗೆ ಗೆದ್ದ ಮೇಲೆ 2009ರಲ್ಲಿ ಲೋಕಸಭೆಗೆ ಹೋದರು. ಅಂಥ ದೀರ್ಘ ಬಾಳು ಇಲ್ಲಿನ ಶಾಸಕನಿಗೆ ಕನಸಿನಲ್ಲೂ ಸಿಗದು.

ಇನ್ನು ಟಿಕೆಟ್ಟಿನ ಮಾತು. ಇಲ್ಲಿ ಹೈಕಮಾಂಡ್ ಬಿ ಫಾರಂ ಕೊಡುವುದಿಲ್ಲ. ನಿಗದಿತ ಸಂಖ್ಯೆಯ ಮತದಾರರ ಸಹಿ ತಂದರೆ ಪ್ರೈಮರಿ ಚುನಾವಣೆಯಲ್ಲಿ ಯಾರು ಬೇಕಾದರೂ ನಿಲ್ಲಬಹುದು, ಅಭ್ಯರ್ಥಿ ಯಾರೆಂದು ಜನರೇ ತೀರ್ಮಾನಿಸುತ್ತಾರೆ. ಸ್ವಂತ ಹಣ ಸುರಿಯುವುದಕ್ಕೂ ಮಿತಿಯಿಲ್ಲ. 2022ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಡೆಟ್ರಾಯಿಟ್ ಕಡೆಯ 13ನೇ ಸಂಸತ್ ಕ್ಷೇತ್ರ ತೆರವಾದಂತಾದಾಗ ಡೆಮಾಕ್ರಟಿಕ್ ಪ್ರೈಮರಿಗೆ ಒಂಬತ್ತು ಜನ ನಿಂತರು. ಮುಖ್ಯ ಎದುರಾಳಿ ಆಡಮ್ ಹೋಲಿಯರ್ ಆಗ ರಾಜ್ಯದ ಸೆನೆಟರ್, ಅಂದರೆ ಮೇಲ್ಮನೆಯ ಸದಸ್ಯ. ಥಾಣೇದಾರ್ ಮತ್ತೆ ದಶಲಕ್ಷಗಟ್ಟಲೆ ಡಾಲರ್ ಹಾಕಿದರು. ಮತ ಒಡೆದು ಹಂಚಿಹೋಗಿ, ಶೇ 28ರಷ್ಟು, ಅಂದರೆ ಸುಮಾರು 22 ಸಾವಿರ ಮತಕ್ಕೇ ಅವರು ಗೆದ್ದರು. ಅದು ಡೆಮಾಕ್ರಟರ ಭದ್ರಕೋಟೆ. ನವೆಂಬರ್‌ನ ಚುನಾವಣೆ ಬರೀ ವಿಧಿ. ಏಳು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಕ್ಷೇತ್ರದ ಹಣೆಬರಹವನ್ನು ಇಷ್ಟು ಕಡಿಮೆ ಜನ ಬರೆಯುವುದು ನನಗೆ ಸರಿಕಾಣುವುದಿಲ್ಲ, ಗೆದ್ದವರು ನಮ್ಮ ಊರಿನವರೇ ಆಗಿದ್ದರೂ.

ನಮ್ಮವರು ಈ ಗೆಲುವಿಗೆ ಸಂಭ್ರಮಿಸುವಾಗ ಒಂದು ಸಂಗತಿಯನ್ನು ಮರೆಯುತ್ತಾರೆ. ಡೆಟ್ರಾಯಿಟ್‌ನ ನಾಲ್ವರಲ್ಲಿ ಮೂವರು ಕಪ್ಪು ಜನ. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸಂಸತ್ತಿಗೆ ಹೋದಂದಿನಿಂದ ಆ ನಗರಕ್ಕೆ ಒಬ್ಬ ಕಪ್ಪು ಸಂಸದರಾದರೂ ಇದ್ದೇ ಇದ್ದರು. ಜಾನ್ ಕಾನ್ಯರ್ಸ್ ಒಬ್ಬರೇ ಐವತ್ತಕ್ಕೂ ಹೆಚ್ಚು ವರ್ಷ ಇದ್ದರು. 2023ರ ಜನವರಿಯಲ್ಲಿ ಥಾಣೇದಾರ್ ಪ್ರಮಾಣವಚನ ಸ್ವೀಕರಿಸಿದಾಗ ಆ ಪರಂಪರೆ ಕಡಿಯಿತು. ಅವರು ಹೊಸಬರು, ಆ್ಯನ್ ಆರ್ಬರ್‌ನಿಂದ ಬಂದವರು ಎಂದು ಅಲ್ಲಿನ ಜನ ಬೇಸರಪಟ್ಟರೆ ಅದನ್ನು ದ್ವೇಷವೆಂದು ತಳ್ಳಿಹಾಕಬಾರದು. ಎಷ್ಟೋ ವರ್ಷ ಹೋರಾಡಿ ಪಡೆದ ದನಿ ಅವರದು.

2024ರಲ್ಲಿ ಥಾಣೇದಾರ್ ಮರಳಿ ಗೆದ್ದರು. 2026ಕ್ಕೆ ಅವರ ಎದುರು ನಿಲ್ಲುವುದಾಗಿ 2025ರಲ್ಲಿ ಘೋಷಿಸಿದ ಡೊನಾವನ್ ಮೆಕಿನ್ನಿ ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವರು, ಆಗ ಮಿಷಿಗನ್ ಕೆಳಮನೆಯ ಶಾಸಕರು.